ಅಮ್ಮನ ಟೇಬಲ್ಲಿನ ಎರಡು ತುದಿ

ಅಣ್ಣ ಯಾರ ಕಡೆ ಎಂದು ನನ್ನನ್ನು ಕೇಳಬೇಡಿ. ನಲವತ್ತೆಂಟು ವರ್ಷದಿಂದ ಅವನ ತಂಗಿಯಾಗಿದ್ದೇನೆ, ನನಗೇ ಗೊತ್ತಿಲ್ಲ. ಊರಿನವರು ಅವನಿಗೆ ತಕ್ಕಡಿ ಎಂದು ಹೆಸರಿಟ್ಟಿದ್ದಾರೆ. ಎದುರಿಗೆ ತಕ್ಕಡಿ ಸಾರ್ ಎನ್ನುತ್ತಾರೆ, ಬೆನ್ನ ಹಿಂದೆ ಬರೀ ತಕ್ಕಡಿ. ಅವನಿಗೆ ಎರಡೂ ಗೊತ್ತು, ಎರಡಕ್ಕೂ ಬೇಜಾರಿಲ್ಲ. ಬೇಜಾರು ನನಗೆ.

ಅವನ ಕಸುಬು ಕನ್ನಡಕದ್ದು. ಪೇಟೆಬೀದಿಯ ಕೊನೆಯಲ್ಲಿ ಸಣ್ಣ ಅಂಗಡಿ. ಮುಂದೆ ಗಾಜಿನ ಬೀರು, ಒಳಗೆ ಮಬ್ಬು ಬೆಳಕಿನ ಕೋಣೆ, ಗೋಡೆಯ ಮೇಲೆ ದೊಡ್ಡದರಿಂದ ಚಿಕ್ಕದಾಗುತ್ತ ಹೋಗುವ ಅಕ್ಷರಗಳು. ಬಂದವರ ಮೂಗಿನ ಮೇಲೆ ಭಾರದ ಫ್ರೇಮು ಕೂರಿಸಿ ಒಂದು ಗಾಜು ಹಾಕುತ್ತಾನೆ, ಅದನ್ನು ತೆಗೆದು ಇನ್ನೊಂದು ಹಾಕುತ್ತಾನೆ, "ಹೀಗೆ ಚೆನ್ನಾಗಿ ಕಾಣುತ್ತಾ, ಹೀಗಾ?" ಎಂದು ಕೇಳುತ್ತಾನೆ. ಅವರು ಉತ್ತರ ಹೇಳಿದರೂ ನಂಬುವುದಿಲ್ಲ, ಗಾಜು ಅದಲುಬದಲು ಮಾಡಿ ಮತ್ತೆ ಕೇಳುತ್ತಾನೆ. ಬೇರೆ ಊರಿನವರು ಹತ್ತು ನಿಮಿಷದಲ್ಲಿ ಮುಗಿಸುವ ಪರೀಕ್ಷೆ ಇವನಲ್ಲಿ ಮುಕ್ಕಾಲು ಗಂಟೆ. ಇವನು ಕೊಟ್ಟ ಕನ್ನಡಕವನ್ನು ಸರಿಯಿಲ್ಲವೆಂದು ಯಾರೂ ವಾಪಸ್ ತಂದದ್ದಿಲ್ಲ, ಅದನ್ನೂ ಹೇಳಬೇಕು.

ಮನೆಯಲ್ಲೂ ಹಾಗೇ. ಕಾಫಿ ಬೇಕೋ ಟೀ ಬೇಕೋ ಎಂದು ಅತ್ತಿಗೆ ಕೇಳಿದರೆ, ನಿನಗೆ ಯಾವುದು ಸುಲಭ ಎಂದು ತಿರುಗಿ ಕೇಳುತ್ತಾನೆ. ಮದುವೆಯಾದ ಹೊಸದರಲ್ಲಿ ಅತ್ತಿಗೆ ಇದನ್ನು ಒಳ್ಳೆಯತನ ಅಂದುಕೊಂಡಿದ್ದರಂತೆ. ಈಗ ಕೇಳುವುದನ್ನೇ ಬಿಟ್ಟಿದ್ದಾರೆ. ಕೈಗೆ ಬಂದದ್ದನ್ನು ಲೋಟಕ್ಕೆ ಹಾಕಿ ಕೊಡುತ್ತಾರೆ, ಅವನು ಕುಡಿಯುತ್ತಾನೆ. ಕುಡಿದದ್ದು ಯಾವುದು ಎಂದು ಕೇಳಿದರೆ ಹೇಳುತ್ತಾನೋ ಇಲ್ಲವೋ, ನನಗೆ ಅನುಮಾನ.

ಇಂಥವನು ಪುರಸಭೆಗೆ ಹೋದದ್ದೇ ಒಂದು ಕಥೆ. ಹನ್ನೆರಡು ವರ್ಷದ ಕೆಳಗೆ ಬೀದಿ ನಲ್ಲಿಯ ನೀರಿನ ವಿಚಾರಕ್ಕೆ ನಮ್ಮ ವಾರ್ಡಿನ ಎರಡು ಪಕ್ಷದ ಮುಖಂಡರು ಕೈಕೈ ಮಿಲಾಯಿಸಿದರು. ಇಬ್ಬರ ಕನ್ನಡಕವೂ ಒಡೆಯಿತು. ಊರಲ್ಲಿ ಇದ್ದದ್ದು ಒಂದೇ ಕನ್ನಡಕದಂಗಡಿ, ಅದರಲ್ಲಿ ಇದ್ದದ್ದು ಒಂದೇ ಬೆಂಚು. ಕನ್ನಡಕವಿಲ್ಲದೆ ಪಕ್ಕದಲ್ಲಿ ಕೂತವನು ಯಾರೆಂದು ಇಬ್ಬರಿಗೂ ಕಾಣಲಿಲ್ಲ, ಕಾಣುವ ಹೊತ್ತಿಗೆ ಅರ್ಧ ಮಾತಾಡಿಬಿಟ್ಟಿದ್ದರು. ಉಳಿದರ್ಧವನ್ನು ಅಣ್ಣ ಮಾತಾಡಿಸಿದ. ಮುಂದಿನ ಚುನಾವಣೆಗೆ ನೀವೇ ನಿಲ್ಲಿ ಎಂದು ಇಬ್ಬರೂ ಹೇಳಿದರು. ಯಾವ ಪಕ್ಷವೂ ಬೇಡ ಎಂದು ಹಾಗೇ ನಿಂತ, ಗೆದ್ದ. ಗೆದ್ದ ಮಾರನೆಯ ದಿನದಿಂದ ಎರಡು ಕಡೆಯವರೂ ಅವನನ್ನು ಬೈಯಲು ಶುರುಮಾಡಿದವರು ಇವತ್ತಿಗೂ ನಿಲ್ಲಿಸಿಲ್ಲ. ಮೂರು ಸಲವೂ ಅವನನ್ನೇ ಗೆಲ್ಲಿಸಿದ್ದಾರೆ ಅನ್ನುವುದು ಬೇರೆ ಮಾತು.

ಉದ್ಯಾನದ ಗೇಟನ್ನು ಸಂಜೆ ಏಳಕ್ಕೆ ಮುಚ್ಚಬೇಕೋ ಒಂಬತ್ತಕ್ಕೋ ಎಂದು ಗಲಾಟೆಯಾದಾಗ ಎಂಟು ಅಂದವನು ಇವನೇ. ಏಳಿನವರೂ ಒಂಬತ್ತಿನವರೂ ಸೇರಿ ಬಂದು ಛೀಮಾರಿ ಹಾಕಿ ಹೋದರು. ಸದ್ಯ ಒಟ್ಟಿಗೆ ಬಂದರಲ್ಲ ಎಂದು ಇವನು ನನ್ನ ಹತ್ತಿರ ಖುಷಿಪಟ್ಟ. ಸೋತವನೂ ನಾಳೆ ಬೆಳಿಗ್ಗೆ ಇದೇ ಬೀದಿಯಲ್ಲಿ ಹಾಲು ತರಲು ಹೋಗಬೇಕು, ತಲೆ ಎತ್ತಿಕೊಂಡು ಹೋಗುವಷ್ಟು ಮರ್ಯಾದೆಯನ್ನು ಅವನಿಗೆ ಉಳಿಸಬೇಕು ಅನ್ನುವುದು ಅವನ ವಾದ. ಕೇಳುವುದಕ್ಕೇನೋ ಚೆನ್ನಾಗಿದೆ. ಅಡ್ಡಗೋಡೆಯ ಮೇಲೆ ದೀಪ ಇಡುವವರೆಲ್ಲ ಚೆನ್ನಾಗಿಯೇ ಮಾತಾಡುತ್ತಾರೆ ಎಂದು ಅವನ ಮುಖಕ್ಕೇ ಹೇಳಿದ್ದೇನೆ.

ಈ ಬುದ್ಧಿ ಅವನಿಗೆ ಬಂದದ್ದು ಅಮ್ಮನಿಂದ. ಅಮ್ಮ ಟೈಲರು. ಆಸ್ಪತ್ರೆಯ ಕಾಂಪೌಂಡಿನ ಎದುರು ಆರು ಅಂಗಡಿಗಳ ಒಂದು ಸಾಲಿದೆ, ಅದರಲ್ಲಿ ಮೂರನೆಯದು ಅಮ್ಮನದು, ಈಗ ನನ್ನದು. ಅಮ್ಮ ಅಲ್ಲಿ ಒಂಬತ್ತು ಅಡಿ ಉದ್ದದ ಕಟಿಂಗ್ ಟೇಬಲ್ಲು ಹಾಕಿಸಿದ್ದಳು. ಶಾಲೆ ಬಿಟ್ಟು ಬಂದರೆ ಅದರ ರಸ್ತೆಕಡೆಯ ತುದಿಯಲ್ಲಿ ಅಣ್ಣ, ಗೋಡೆಕಡೆಯ ತುದಿಯಲ್ಲಿ ನಾನು, ನಡುವೆ ಅಮ್ಮನ ಬಟ್ಟೆ. ನಾವು ಜಗಳಕ್ಕೆ ಬಿದ್ದರೆ ಅಮ್ಮ ಕತ್ತರಿಯನ್ನೂ ನಿಲ್ಲಿಸುತ್ತಿರಲಿಲ್ಲ. "ಅವನು ಏನ್ ಹೇಳ್ತಿದಾನೆ ಅಂತ ಮೊದಲು ನೀನು ಹೇಳು" ಅನ್ನುತ್ತಿದ್ದಳು. ನಾನು ಅಣ್ಣನ ದೂರನ್ನು ಅಣ್ಣನ ಪರವಾಗಿ ಹೇಳಬೇಕು. ಅವನು "ಹೂಂ, ಅದೇ" ಅಂದ ಮೇಲೆಯೇ ನನ್ನ ದೂರು ಹೇಳಲು ಅಪ್ಪಣೆ. ಅವನಿಗೂ ಅದೇ ಕಾನೂನು. ಎಷ್ಟೋ ಸಲ ಅವನದನ್ನು ಹೇಳಿ ಮುಗಿಸುವ ಹೊತ್ತಿಗೆ ನನ್ನದು ಏನಿತ್ತು ಎನ್ನುವುದೇ ಮರೆತುಹೋಗಿ ಅಳು ಬರುತ್ತಿತ್ತು.

ದೊಡ್ಡವಳಾದ ಮೇಲೆ ನಾನು ಆ ಕಾನೂನನ್ನು ಬಿಟ್ಟೆ, ಅಣ್ಣ ಅದನ್ನು ಪುರಸಭೆಗೆ ಹೊತ್ತುಕೊಂಡು ಹೋದ. ಯಾವ ವಿಷಯ ಬಂದರೂ ಮೊದಲು ತಾನು ಒಪ್ಪದವರ ಮಾತನ್ನು ಅವರಿಗಿಂತ ಚೆನ್ನಾಗಿ ಹೇಳುತ್ತಾನೆ, ಆಮೇಲೆ ತನ್ನದನ್ನು. ಹಾಗಾಗಿ ತಕ್ಕಡಿ ಎದ್ದು ನಿಂತು ಮೊದಲು ಯಾರನ್ನು ಹೊಗಳುತ್ತಾನೋ ಅವರ ಕಥೆ ಮುಗಿಯಿತು ಎಂದು ಪುರಸಭೆಯ ಜವಾನನಿಗೂ ಗೊತ್ತು. ನನ್ನ ಎಡವಟ್ಟು ಶುರುವಾದದ್ದೇ ಇದರಿಂದ.

ನಮ್ಮ ಅಂಗಡಿ ಸಾಲಿಗೂ ಆಸ್ಪತ್ರೆ ಗೋಡೆಗೂ ನಡುವಿನ ಓಣಿ ಹತ್ತೇ ಅಡಿ. ಹೋದ ವರ್ಷ ಹೆರಿಗೆ ನೋವಿನ ಹೆಂಗಸನ್ನು ಹೊತ್ತ ಆಂಬುಲೆನ್ಸು ಒಂದು ಸಾಮಾನಿನ ಗಾಡಿಯ ಹಿಂದೆ ಹನ್ನೊಂದು ನಿಮಿಷ ಸಿಕ್ಕಿಕೊಂಡಿತು. ತಾಯಿ ಮಗು ಉಳಿದರು, ಆದರೆ ಆಸ್ಪತ್ರೆಯ ಡಾಕ್ಟರಮ್ಮ ಆ ಹನ್ನೊಂದು ನಿಮಿಷವನ್ನು ಮರೆಯಲಿಲ್ಲ. ಓಣಿಯನ್ನು ಇಪ್ಪತ್ತೆರಡು ಅಡಿ ಮಾಡಿ ಎಂದು ಪುರಸಭೆಗೆ ಅರ್ಜಿ ಕೊಟ್ಟರು. ಬೇಕಾದ ಹನ್ನೆರಡು ಅಡಿಯನ್ನು ಅಂಗಡಿ ಸಾಲಿನಿಂದ ತೆಗೆಯುವುದೆಂದು ನಕ್ಷೆಯಾಯಿತು. ನಮ್ಮ ಅಂಗಡಿಗಳ ಆಳ ಹದಿನಾಲ್ಕು. ಉಳಿಯುವ ಎರಡು ಅಡಿಯಲ್ಲಿ ನಾನು ನಿಂತುಕೊಂಡು ಏನು ಹೊಲಿಯಲಿ, ದಾರವನ್ನಾ? ಅಧ್ಯಕ್ಷರನ್ನು ಬಿಟ್ಟರೆ ಪುರಸಭೆಯ ಇಪ್ಪತ್ತೊಂದು ಜನ ಸದಸ್ಯರಲ್ಲಿ ಹತ್ತು ಜನ ಡಾಕ್ಟರಮ್ಮನ ಕಡೆ, ಹತ್ತು ಜನ ನಮ್ಮ ಕಡೆ, ಇಪ್ಪತ್ತೊಂದನೆಯವನು ನನ್ನ ಒಡಹುಟ್ಟಿದವನು.

ಆಕ್ಷೇಪ ಇರುವವರು ಶುಕ್ರವಾರದೊಳಗೆ ಬರೆದು ಕೊಡಬೇಕೆಂದು ನೋಟಿಸು ಬಂತು. ಆರು ಅಂಗಡಿಯವರೂ ಬರೆದು, ಸಹಿ ಹಾಕಿ, ನೀನೇ ಕೊಟ್ಟು ಬಾ ಎಂದು ನನ್ನ ಕೈಗಿಟ್ಟರು. ಬುಧವಾರ ಅಣ್ಣ ನನ್ನ ಅಂಗಡಿಗೆ ಬಂದ. ಟೇಬಲ್ಲಿನ ತನ್ನ ತುದಿಯಲ್ಲಿ ಕೂತು ಒಂದು ಗಂಟೆ ಹೊತ್ತು ಆಸ್ಪತ್ರೆಯ ಮಾತನ್ನೇ ಆಡಿದ. ಆ ಹೆಂಗಸು ವ್ಯಾನಿನೊಳಗೆ ಏನೇನು ಯೋಚಿಸಿರಬಹುದು, ಗಂಡ ಇಳಿದು ಗಾಡಿಯನ್ನು ಹೇಗೆ ತಳ್ಳಿದ, ಡ್ರೈವರು ಹೇಗೆ ಅತ್ತ. ನನಗೇ ಕಣ್ಣು ತುಂಬಿತು. ಅವನು ಹೋದ ಮೇಲೆ ಮನಸ್ಸು ಹಗುರವಾಯಿತು. ಎದುರಿನವರ ಮಾತನ್ನು ಇಷ್ಟು ಚೆನ್ನಾಗಿ ಹೇಳುತ್ತಿದ್ದಾನೆ ಎಂದ ಮೇಲೆ ಇವನು ನಮ್ಮ ಕಡೆಯವನೇ, ಅಮ್ಮನ ಕಾನೂನಿನ ಪ್ರಕಾರ ಲೆಕ್ಕ ಇಷ್ಟೇ ಅಲ್ಲವೇ?

ಪಕ್ಕದ ವಾಚ್ ರಿಪೇರಿಯವರಿಗೂ, ಆಚೆಯ ಬೈಂಡಿಂಗ್ ಅಂಗಡಿಯವರಿಗೂ ಇದನ್ನೇ ಹೇಳಿದೆ. ಆಕ್ಷೇಪ ಕೊಟ್ಟು ಜಗಳ ದೊಡ್ಡದು ಮಾಡುವುದು ಬೇಡ, ತಂಗಿಯೇ ಮುಂದೆ ನಿಂತು ಅರ್ಜಿ ಕೊಟ್ಟರೆ ಅಣ್ಣನಿಗೆ ಕೆಟ್ಟ ಹೆಸರು, ಅವನು ನಮ್ಮವನೇ, ನಾನು ಬಲ್ಲೆ. ನನ್ನ ಮಾತು ನಂಬಿದರು. ಆರೂ ಕಾಗದಗಳು ಮೆಷಿನ್ನಿನ ಡ್ರಾಯರಿನಲ್ಲಿ ಗುಂಡಿಗಳ ಡಬ್ಬಿಯ ಕೆಳಗೆ ಉಳಿದವು. ಶುಕ್ರವಾರ ಕಳೆಯಿತು.

ಸೋಮವಾರ ಡಾಕ್ಟರಮ್ಮ ಬಿಳಿ ಕೋಟಿನ ಜೇಬು ಹೊಲಿಸಲು ಬಂದರು. ಗಂಟುಮುಖ. ಎದುರು ಬದುರು ಇದ್ದವರು, ಮಾತು ಬಿಟ್ಟಿರಲಿಲ್ಲ. "ನಿಮಗೇನಮ್ಮ ಚಿಂತೆ, ನಿಮ್ಮ ಅಣ್ಣ ಪೂರ್ತಿ ನಿಮ್ಮ ಕಡೆ. ಹೋದ ವಾರ ನನ್ನ ರೂಮಲ್ಲಿ ಕೂತು ಒಂದು ಗಂಟೆ ನಿಮ್ಮ ಆರು ಅಂಗಡಿ ಕಥೆ ಹೇಳಿದ್ರು. ನಿಮ್ಮ ತಾಯಿ ಟೇಬಲ್ಲಿನ ಕಥೇನೂ ಹೇಳಿದ್ರು" ಅಂದರು.

ಸೂಜಿ ಬೆರಳಿಗೆ ಚುಚ್ಚಿತು. ಅಲ್ಲಿ ಹೋಗಿ ನಮ್ಮ ಮಾತು ಹೇಳಿದ್ದಾನೆ ಎಂದರೆ, ಅದೇ ಲೆಕ್ಕದಲ್ಲಿ ಇವನು ಅವರ ಕಡೆ. ಇಲ್ಲಿ ಅವರ ಮಾತು ಹೇಳಿದ್ದಾನೆ ಎಂದರೆ ನಮ್ಮ ಕಡೆ. ಡಾಕ್ಟರಮ್ಮನಿಗೆ ಅಮ್ಮನ ಕಾನೂನು ಗೊತ್ತಿಲ್ಲ, ಅವರು ಸೋತೆವೆಂದು ತಿಳಿದು ರೋಗಿಗಳಿಂದೆಲ್ಲ ಸಹಿ ಹಾಕಿಸಿ ದೊಡ್ಡ ಮನವಿಯನ್ನೇ ಕೊಟ್ಟಿದ್ದಾರೆ. ಕಾನೂನು ಗೊತ್ತಿದ್ದ ನಾನು ಗೆದ್ದೆವೆಂದು ತಿಳಿದು ಕಾಗದಗಳನ್ನು ಗುಂಡಿ ಡಬ್ಬಿಯ ಕೆಳಗೆ ಇಟ್ಟಿದ್ದೇನೆ. ಜೇಬನ್ನು ತಲೆಕೆಳಗು ಹೊಲಿದು ಮತ್ತೆ ಬಿಚ್ಚಿದೆ.

ಕೋಟು ಕೊಟ್ಟವಳೇ ಕನ್ನಡಕದ ಅಂಗಡಿಗೆ ಹೋದೆ. ಯಾರೋ ಮುದುಕಪ್ಪನ ಮೂಗಿನ ಮೇಲೆ ಗಾಜು ಬದಲಾಯಿಸುತ್ತಿದ್ದ. ನೀನು ಯಾರ ಕಡೆ, ಒಂದೇ ಮಾತಿನಲ್ಲಿ ಹೇಳು ಅಂದೆ. "ನಾನಿನ್ನೂ ನೋಡ್ತಾ ಇದೀನಿ ಕಣೇ" ಅಂದ. ಕೈಯಲ್ಲಿ ಎರಡು ಗಾಜು ಹಾಗೇ ಇದ್ದವು. ಆಮೇಲೆ ದನಿ ತಗ್ಗಿಸಿ, ನಿಮ್ಮ ಸಾಲಿನ ಆಕ್ಷೇಪ ಯಾಕೆ ಬಂದಿಲ್ಲ, ಎರಡು ಸಲ ಫೈಲು ತೆಗೆಸಿ ನೋಡಿದೆ ಎಂದು ಕೇಳಿದ. ನಾನು ನಾಲಿಗೆ ಕಚ್ಚಿಕೊಂಡು ಎದ್ದು ಬಂದೆ. ಮುದುಕಪ್ಪ ನನ್ನನ್ನು ಎರಡು ಗಾಜಿನಿಂದಲೂ ನೋಡಿದ.

ಸಭೆಯ ದಿನ ನಾವು ಆರು ಜನ ಹಿಂದಿನ ಕುರ್ಚಿಗಳಲ್ಲಿ ಕೂತಿದ್ದೆವು. ಡಾಕ್ಟರಮ್ಮ ಆಚೆ ಕಡೆ. ಅಧ್ಯಕ್ಷರು ಮೊದಲು ಕಾಗದಪತ್ರ ಓದಿದರು. ಆಸ್ಪತ್ರೆಯ ಕಡೆಯಿಂದ ಮನವಿ ಒಂದು, ಸಹಿಗಳು ಹದಿನೆಂಟು ಹಾಳೆ. ಅಂಗಡಿಗಳ ಕಡೆಯಿಂದ ಆಕ್ಷೇಪ, ಇಲ್ಲ. ಬೈಂಡಿಂಗ್ ಅಂಗಡಿಯವರು ತಿರುಗಿ ನನ್ನನ್ನು ನೋಡಿದರು. ಬೈದಿದ್ದರೆ ಒಳ್ಳೆಯದಿತ್ತು.

ಅಣ್ಣ ಎದ್ದ. ಮೊದಲು ಆಸ್ಪತ್ರೆಯ ಮಾತು ಹೇಳಿದ. ಹನ್ನೊಂದು ನಿಮಿಷವನ್ನು ನಿಮಿಷ ನಿಮಿಷವಾಗಿ ಹೇಳಿದ. ವಾಚ್ ರಿಪೇರಿಯವರು ನನ್ನ ಮೊಣಕೈ ತಿವಿದು, ಮೊದಲು ಅವರದ್ದು ಹೇಳ್ತಿದಾರೆ, ಗೆದ್ವಿ ಎಂದು ಪಿಸುಗುಟ್ಟಿದರು. ಆಮೇಲೆ ನಮ್ಮ ಮಾತು ಹೇಳಿದ. ಯಾವ ಆಕ್ಷೇಪದ ಕಾಗದದಲ್ಲೂ ಇರದಷ್ಟು ಹೇಳಿದ. ಮಧ್ಯಾಹ್ನ ಕಳೆದರೆ ಮಾತ್ರ ಬೈಂಡಿಂಗ್ ಅಂಗಡಿಯೊಳಗೆ ಬೆಳಕು ಬರುವುದು ಕೂಡ ಅವನಿಗೆ ಗೊತ್ತಿತ್ತು. ನಮ್ಮಲ್ಲಿ ಇಬ್ಬರು ಕಣ್ಣೊರೆಸಿಕೊಂಡರು. ಅಲ್ಲಿಗೆ ಸುಮ್ಮನಾದ. ಇನ್ನು ತನ್ನ ಮಾತು ಬರಬೇಕು, ಬರಲಿಲ್ಲ. ನಿಮ್ಮ ಅಭಿಪ್ರಾಯವೇನು ಎಂದು ಅಧ್ಯಕ್ಷರು ಕೇಳಿದರು. ಅವನು ಕನ್ನಡಕ ತೆಗೆದು ಒರೆಸಿದ, ಹಾಕಿಕೊಂಡ, ಮತ್ತೆ ತೆಗೆದ. ಇಷ್ಟು ವರ್ಷದಲ್ಲಿ ಅವನು ಹೀಗೆ ನಿಂತದ್ದನ್ನು ನಾನು ಕಂಡಿರಲಿಲ್ಲ.

ಕೊನೆಗೆ ಅಂದ, ಅಂಗಡಿಗಳಿಂದ ಆರು ಅಡಿ, ಆಸ್ಪತ್ರೆಯಿಂದ ಆರು ಅಡಿ. ಇದು ಬೇಡವೆಂದರೆ ತಾನು ಯಾರಿಗೂ ಕೈ ಎತ್ತುವುದಿಲ್ಲ. ಆಗ ಹತ್ತಕ್ಕೆ ಹತ್ತು, ತೀರ್ಮಾನ ಅಧ್ಯಕ್ಷರ ಕೈಗೆ. ಅಧ್ಯಕ್ಷರು ಯಾವ ಕಡೆ ಎಂದು ಅವರ ಹೆಂಡತಿಗೂ ಗೊತ್ತಿರಲಿಲ್ಲ. ಅರ್ಧವೂ ಸಿಗದೆ ಪೂರ್ತಿ ಹೋದರೆ ಎಂಬ ಹೆದರಿಕೆ ಎರಡು ಕಡೆಯವರಿಗೂ ಹತ್ತಿತು. ಒಬ್ಬೊಬ್ಬರಾಗಿ, ಒಲ್ಲದ ಮುಖದಲ್ಲಿ, ಕೈಗಳನ್ನು ಮೇಲೆತ್ತಿದರು. ಹೊರಗೆ ಬಂದಾಗ ಡಾಕ್ಟರಮ್ಮ, "ಗೋಡೆ ಪಕ್ಕದ ಶೆಡ್ಡು ಹೋಯ್ತು, ಇನ್ಮೇಲೆ ರೋಗಿಗಳು ಎಲ್ಲಿ ಕೂರ್ಬೇಕು?" ಎಂದು ನನ್ನನ್ನು ಕೇಳಿದರು. ನಾನು ನನ್ನ ಟೇಬಲ್ಲು ಎಲ್ಲಿ ಇಡಲಿ ಎಂದು ಅವರನ್ನು ಕೇಳಿದೆ.

ಎರಡು ತಿಂಗಳು ಅಣ್ಣನ ಹತ್ತಿರ ಮಾತು ಬಿಟ್ಟೆ. ಅತ್ತಿಗೆ ನಡುವೆ ಓಡಾಡಿ ಸುಸ್ತಾದರು. ಹಾರೆ, ಗುದ್ದಲಿ ಬಂದವು, ಮುಂದಿನ ಗೋಡೆಗಳು ಬಿದ್ದವು, ಹೊಸ ಗೋಡೆಗಳು ಎದ್ದವು. ಬೈಂಡಿಂಗ್ ಅಂಗಡಿಯವರ ಕಾಗದ ಕತ್ತರಿಸುವ ಯಂತ್ರ ಎಂಟು ಅಡಿಯಲ್ಲಿ ಹಿಡಿಯಲಿಲ್ಲ. ಅವರು ಅಂಗಡಿ ಮುಚ್ಚಿ ಅಳಿಯನ ಮನೆಯ ಶೆಡ್ಡಿಗೆ ಹೋದರು. ಹೋಗುವಾಗ ನನಗೆ ಹೇಳಿಯೇ ಹೋದರು. ವಾಚ್ ರಿಪೇರಿಯವರಿಗೆ ಏನೂ ಆಗಲಿಲ್ಲ, ಅವರಿಗೆ ಬೇಕಾದದ್ದು ಒಂದು ಕುರ್ಚಿ, ಒಂದು ಭೂತಗನ್ನಡಿ. ರಸ್ತೆ ಹತ್ತಿರ ಬಂತು, ಗಿರಾಕಿ ಜಾಸ್ತಿಯಾದರು ಎಂದು ತಕ್ಕಡಿಯನ್ನು ಹಾಡಿ ಹೊಗಳುತ್ತಾರೆ. ಆಂಬುಲೆನ್ಸು ಈಗ ನಿಲ್ಲದೆ ಹೋಗುತ್ತದೆ. ಶೆಡ್ಡು ಹೋದ ರೋಗಿಗಳು ನನ್ನ ಮೆಟ್ಟಿಲ ಮೇಲೆ ಕೂರುತ್ತಾರೆ, ನೀರು ಕೇಳುತ್ತಾರೆ, ಕೊಡುತ್ತೇನೆ. ಸರಿಯಾಯಿತೋ ತಪ್ಪಾಯಿತೋ ಎಂದು ದಿನಕ್ಕೆ ಎರಡು ಸಲ ಮನಸ್ಸು ಬದಲಾಗುತ್ತದೆ.

ಉಳಿದದ್ದು ಅಮ್ಮನ ಟೇಬಲ್ಲು. ಅಲ್ಲಿಯತನಕ ಅದು ಸೂರಿನ ಕೆಳಗೆ ಗೋಡೆಗೊರಗಿ ನಿಂತಿತ್ತು. ಒಂಬತ್ತು ಅಡಿಯದು ಎಂಟು ಅಡಿಯ ಕೋಣೆಯಲ್ಲಿ ಕೂರುವುದಿಲ್ಲ, ಓಡಾಡಲು ಜಾಗ ಬಿಟ್ಟರೆ ಮೂರು ಅಡಿ ಕತ್ತರಿಸಬೇಕು. ಒಂದು ಭಾನುವಾರ ಬೆಳಿಗ್ಗೆ ಗರಗಸ ಹಿಡಿದು ನಾನೇ ನಿಂತೆ. ಅಣ್ಣ ಬಂದ. ಅತ್ತಿಗೆ ಕಳಿಸಿರಬೇಕು. ಬಂದವನೇ ಟೇಬಲ್ಲಿನ ಒಂದು ಕಡೆ ಹಿಡಿದ, ಇಬ್ಬರೂ ಸೇರಿ ಒಳಗೆ ತಂದು, ಒಂದು ತುದಿ ಬಾಗಿಲಾಚೆ ಚಾಚುವ ಹಾಗೆ ಇಟ್ಟೆವು. ನನ್ನ ಟೇಪು ತೆಗೆದುಕೊಂಡ, ಅಳೆದ, ಸೀಮೆಸುಣ್ಣದಲ್ಲಿ ಗೆರೆ ಎಳೆದ. ಈ ತುದಿಯಿಂದ ಒಂದೂವರೆ ಅಡಿ, ಆ ತುದಿಯಿಂದ ಒಂದೂವರೆ ಅಡಿ.

ಎರಡು ತಿಂಗಳಿಂದ ಕೂಡಿಟ್ಟದ್ದೆಲ್ಲ ಬಾಯಿಗೆ ಬಂತು. ಅವನು ಕೈ ಅಡ್ಡ ಮಾಡಿದ.

"ಮೊದಲು ನಾನು ಏನ್ ಹೇಳ್ತಿದೀನಿ ಅಂತ ಹೇಳು. ಆಮೇಲೆ ಬೈ."

ಅಮ್ಮನ ಟೇಬಲ್ಲಿನ ಪಕ್ಕದಲ್ಲಿ ನಿಂತು ಇಲ್ಲ ಅನ್ನಲು ಬಾಯಿ ಬರಲಿಲ್ಲ. ಎರಡು ಕಡೆಯವರಿಗೂ ನ್ಯಾಯ ಸಿಗಲಿ ಅಂತ ನೀನು ಸಭೆಯಲ್ಲಿ ಹೀಗೆ ಮಾಡಿದೆ ಅಂದೆ. ಅಲ್ಲ ಅಂದ. ತಂಗಿಗೆ ಮಾಡಿಕೊಟ್ಟ ಅಂತ ಜನ ಆಡಿಕೊಳ್ಳುತ್ತಾರೆ ಎಂದು ಹೆದರಿದೆ ಅಂದೆ. ಸ್ವಲ್ಪ ಹೌದು, ಆದರೆ ಅದಲ್ಲ ಅಂದ. ಮುಂದಿನ ಚುನಾವಣೆಗೆ ಇಬ್ಬರ ಓಟೂ ಬೇಕು ಅಂದೆ. ಅದಕ್ಕೆ ನಕ್ಕ, ಇಬ್ಬರ ಓಟೂ ಹೋಯಿತು ಅಂದ. ನನಗೆ ಸಾಕಾಯಿತು. ಅವನ ಮುಖ ನೋಡಿದೆ. ಸಭೆಯಲ್ಲಿ ಕನ್ನಡಕ ತೆಗೆದು ಒರೆಸುತ್ತ ನಿಂತವನ ಮುಖವೇ ಅದು.

"ನಿನಗೆ ಯಾವುದು ಸರಿ ಅಂತ ಗೊತ್ತಾಗಲಿಲ್ಲ ಅಲ್ವಾ?" ಅಂದೆ. "ಅವತ್ತೂ ಗೊತ್ತಿರಲಿಲ್ಲ. ಇವತ್ತಿಗೂ ಗೊತ್ತಿಲ್ಲ."

ಅಣ್ಣ ತಲೆ ತಗ್ಗಿಸಿದ. "ಹೂಂ," ಅಂದ. "ಅದೇ."

ಇನ್ನು ನನ್ನ ಸರದಿ. ಆದರೆ ಚಿಕ್ಕಂದಿನ ಹಾಗೇ, ಅವನದನ್ನು ಹೇಳಿ ಮುಗಿಸುವ ಹೊತ್ತಿಗೆ ನನ್ನದು ಎಲ್ಲೋ ಹೋಗಿತ್ತು. ನೆನಪಾದದ್ದು ಡ್ರಾಯರು ಮಾತ್ರ. ಎಳೆದು, ಗುಂಡಿ ಡಬ್ಬಿ ಎತ್ತಿ, ಆರು ಕಾಗದ ತೆಗೆದು ಅವನ ಮುಂದಿಟ್ಟೆ. ಓದಿದ. ಬೈಂಡಿಂಗ್ ಅಂಗಡಿಯವರ ಕಾಗದದ ಮೇಲೆ ಅವನ ಬೆರಳು ಬಹಳ ಹೊತ್ತು ನಿಂತಿತು. ಇದು ಸಮಯಕ್ಕೆ ಬಂದಿದ್ದರೆ ಅವನ ಕೈ ಯಾವ ಕಡೆ ಏಳುತ್ತಿತ್ತು ಎಂದು ನಾನು ಕೇಳಲಿಲ್ಲ. ಮಡಚಿ ಜೇಬಿಗಿಟ್ಟುಕೊಂಡ.

"ಎರಡೂ ಕಡೆ ಕತ್ತರಿಸಿದ್ರೆ ನೀನು ಕೂತಿದ್ದ ಜಾಗಾನೂ ಹೋಗುತ್ತೆ, ನಾನು ಕೂತಿದ್ದ ಜಾಗಾನೂ ಹೋಗುತ್ತೆ" ಅಂದೆ. "ಒಂದೇ ಕಡೆ. ಯಾವುದು ಅಂತ ನೀನೇ ಹೇಳು."

ನಿಂತ. ಈ ತುದಿಗೆ ಹೋಗಿ ನೋಡಿದ, ಆ ತುದಿಗೆ ಹೋಗಿ ನೋಡಿದ. ಅವನ ತುದಿಯಲ್ಲಿ ಹಳೆಯ ಶಾಯಿಯ ಕಲೆ, ನನ್ನ ತುದಿಯಲ್ಲಿ ಬ್ಲೇಡಿನಲ್ಲಿ ಕೊರೆದ ಗೀರು. ಹೊರಗೆ ಆಂಬುಲೆನ್ಸು ಬಂತು, ಹೋಯಿತು. ಮೆಟ್ಟಿಲ ಮೇಲೆ ಕೂತಿದ್ದ ಹೆಂಗಸೊಬ್ಬಳು ನಮ್ಮನ್ನೇ ನೋಡುತ್ತಿದ್ದಳು. ಕೊನೆಗೆ ಅಣ್ಣ ಅಂಗೈಯಿಂದ ನನ್ನ ತುದಿಯ ಗೆರೆಯನ್ನು ಅಳಿಸಿದ. ತನ್ನ ತುದಿಯ ಗೆರೆಯನ್ನು ಇನ್ನೂ ಒಂದೂವರೆ ಅಡಿ ಒಳಕ್ಕೆ ತಂದ. ಬೇಡ ಕಣೋ ಎಂದು ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿಕೊಂಡು ಗರಗಸ ಇಟ್ಟೆ. ಹಳೆಯ ಮರ, ಗಟ್ಟಿ. ಕಣ್ಣಿಗೆ ಹೊಟ್ಟು ಬಿತ್ತು ಅಂದುಕೊಂಡು ಒರೆಸಿಕೊಂಡೆ. ಅವನು ಶಾಯಿ ಕಲೆಯ ತುದಿಯನ್ನು ಎರಡು ಕೈಯಲ್ಲಿ ಹಿಡಿದು ನಿಂತಿದ್ದ.

"ಆದರೂ," ಅಂದ ಅಣ್ಣ, "ನಿನ್ನ ಕಡೆ ಟೇಬಲ್ ಕಾಲು ಸ್ವಲ್ಪ ಅಲ್ಲಾಡ್ತಿದೆ. ಅದನ್ನ ಮೊದಲೇ ನೋಡಬೇಕಿತ್ತು."

ಸುಮ್ಮನೆ ಹಿಡ್ಕೋ ಅಂದೆ. ಗರಗಸ ಆಗಲೇ ಅರ್ಧ ದಾಟಿತ್ತು.